ಎನ್‌ಕೋಡರ್ ಹೊಸದಾದರೆ ಹಳೆಯ ಹಾಡು ಹೊಸದಾಗುವುದಿಲ್ಲ

ಹಾಸನದಲ್ಲಿ ಕುಳಿತು ಹಳೆಯ ಕ್ಯಾಸೆಟ್‌ಗಳನ್ನೂ ಸ್ಪೂಲ್‌ಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ನನ್ನದು. ಹೀಗೆ ಬರುವವರಲ್ಲಿ ಬಹಳಷ್ಟು ಮಂದಿ ಕ್ಯಾಸೆಟ್ ತರುವುದಿಲ್ಲ, ಹಾರ್ಡ್ ಡಿಸ್ಕ್ ತರುತ್ತಾರೆ. "ಸಾರ್, ಈಗ ಹೊಸ ಕನ್ವರ್ಟರ್ ಬಂದಿದೆಯಂತಲ್ಲ, ನಮ್ಮ ಎಂಪಿ3 ಎಲ್ಲಾ ಹಳೇವು. ಅದರಲ್ಲಿ ಹಾಕಿ 320 ಮಾಡಿಕೊಟ್ಟುಬಿಡಿ" ಎನ್ನುತ್ತಾರೆ. ಈ ಕೆಲಸದಿಂದ ನಿಮಗೆ ನಷ್ಟವೇ ಹೊರತು ಲಾಭವಿಲ್ಲ ಎಂದು ಹೇಳಿದರೆ, ನನಗೆ ಹೊಸ ಸಾಫ್ಟ್‌ವೇರ್ ಗೊತ್ತಿಲ್ಲವೇನೋ ಎಂಬಂತೆ ನೋಡುತ್ತಾರೆ. ಆದ್ದರಿಂದ ಈ ಒಂದು ವಿಷಯವನ್ನು ಸ್ವಲ್ಪ ದೀರ್ಘವಾಗಿಯೇ ವಿವರಿಸುತ್ತೇನೆ.

ಸಿ.ಡಿ.ಯಲ್ಲಿರುವ ಧ್ವನಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಜಾಗ ಬೇಕು. ಈ ಲೆಕ್ಕಕ್ಕೆ ಬಿಟ್ ರೇಟ್ ಎನ್ನುತ್ತಾರೆ. ಅದನ್ನು 128ರ, ಎಂದರೆ ಸೆಕೆಂಡಿಗೆ 128 ಕಿಲೋಬಿಟ್‌ನ, ಎಂಪಿ3 ಮಾಡಿದಾಗ ಉಳಿಯುವುದು ಹೆಚ್ಚುಕಡಿಮೆ ಹನ್ನೊಂದರಲ್ಲಿ ಒಂದು ಪಾಲು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಎನ್‌ಕೋಡರಿನ, ಎಂದರೆ ಧ್ವನಿಯನ್ನು ಕುಗ್ಗಿಸಿ ಫೈಲು ಮಾಡುವ ಸಾಫ್ಟ್‌ವೇರಿನ, ಕೆಲಸ. ಗಟ್ಟಿಯಾದ ಸದ್ದಿನ ನೆರಳಿನಲ್ಲಿ ಮರೆಯಾಗುವ ಮೆಲುದನಿಗಳು, ಕಿವಿಗೆ ಸುಲಭವಾಗಿ ಎಟುಕದ ಅತಿ ಮೇಲಿನ ಕಂಪನಗಳು, ಎಡ–ಬಲ ಎರಡರಲ್ಲೂ ಒಂದೇ ಆಗಿರುವ ಭಾಗಗಳು ಇವನ್ನೆಲ್ಲ ಅದು ಲೆಕ್ಕ ಹಾಕಿ, ಕೆಲವನ್ನು ಒರಟಾಗಿ ಬರೆದುಕೊಳ್ಳುತ್ತದೆ, ಕೆಲವನ್ನು ಪೂರ್ತಿ ಬಿಟ್ಟುಬಿಡುತ್ತದೆ. ಹೀಗೆ ಬಿಟ್ಟದ್ದು ಆ ಫೈಲಿನ ಯಾವ ಮೂಲೆಯಲ್ಲಿಯೂ ಅಡಗಿರುವುದಿಲ್ಲ. ಮುಂದೆ ಎಷ್ಟೇ ಜಾಣ ಎನ್‌ಕೋಡರ್ ಬಂದರೂ ಅದರ ಕೈಗೆ ಸಿಗುವುದು ಹಳೆಯದು ಉಳಿಸಿಟ್ಟ ಪಾಲು ಮಾತ್ರ.

ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಎಂಪಿ3ಯನ್ನು ಮತ್ತೆ ಎಂಪಿ3 ಮಾಡುವಾಗ ಸಾಫ್ಟ್‌ವೇರ್ ಮೊದಲು ಅದನ್ನು ಬಿಚ್ಚಿ ಪೂರ್ಣ ಧ್ವನಿಯಾಗಿಸುತ್ತದೆ, ಅನಂತರ ಹೊಸದಾಗಿ ಕತ್ತರಿಸುತ್ತದೆ. ಮೊದಲ ಎನ್‌ಕೋಡರ್ ಉಳಿಸಿಹೋದ ಒರಟುತನ ಯಾವುದು, ಗಾಯಕರ ನಿಜವಾದ ದನಿ ಯಾವುದು ಎಂಬ ಭೇದ ಎರಡನೆಯದಕ್ಕೆ ತಿಳಿಯದು. ಎರಡನ್ನೂ ಸಂಗೀತವೆಂದೇ ಭಾವಿಸಿ ಎರಡಕ್ಕೂ ಜಾಗ ಹಂಚುತ್ತದೆ, ತನ್ನ ಪಾಲಿನ ಒರಟುತನವನ್ನು ಮೇಲೆ ಸೇರಿಸುತ್ತದೆ. ಒಮ್ಮೆ ಪಾಲಿಶ್ ಮಾಡಿಸಿದ ಅಕ್ಕಿಯನ್ನು ಊರಿಗೆ ಹೊಸದಾಗಿ ಬಂದ ಗಿರಣಿಗೆ ಹಾಕಿದರೆ ತೌಡು ಮರಳಿ ಅಂಟಿಕೊಳ್ಳುವುದಿಲ್ಲ, ನುಚ್ಚು ಹೆಚ್ಚುತ್ತದೆ, ಇದೂ ಹಾಗೆಯೇ. 320ಕ್ಕೆ ಏರಿಸಿದಾಗ ಈ ಎರಡನೆಯ ಸುತ್ತಿನ ಹಾನಿ ಕಡಿಮೆ ಇರಬಹುದು, ಅನೇಕರ ಕಿವಿಗೆ ತಿಳಿಯದೆಯೂ ಇರಬಹುದು. ಆದರೆ ಲಾಭವಂತೂ ಸೊನ್ನೆ, ಫೈಲು ಮಾತ್ರ ಎರಡೂವರೆ ಪಟ್ಟು ದಪ್ಪ.

ಇದನ್ನು ಕೇಳಿಯೇ ತಿಳಿಯಬೇಕೆನ್ನುವವರಿಗೆ ನಾನು ತಾಳಮದ್ದಲೆಯ ತುಣುಕೊಂದನ್ನು ಹಾಕುತ್ತೇನೆ. ಎಂಪಿ3 ಧ್ವನಿಯನ್ನು 1,152 ಮಾದರಿಗಳ (ಸ್ಯಾಂಪಲ್, ಎಂದರೆ ಧ್ವನಿಯ ಕ್ಷಣಕ್ಷಣದ ಅಳತೆ) ಚೌಕಟ್ಟುಗಳಾಗಿ ವಿಂಗಡಿಸಿಕೊಳ್ಳುತ್ತದೆ, ಸಿ.ಡಿ. ವೇಗದಲ್ಲಿ ಒಂದೊಂದು ಚೌಕಟ್ಟೂ ಸುಮಾರು 26 ಮಿಲಿಸೆಕೆಂಡು. ನಿಶ್ಶಬ್ದದ ನಡುವೆ ಚೆಂಡೆಗೆ ಫಟ್ಟೆಂದು ಪೆಟ್ಟು ಬಿದ್ದಾಗ, ಬಿಟ್‌ಗಳು ಸಾಲದಿದ್ದರೆ ಆ ಪೆಟ್ಟಿನ ಲೆಕ್ಕದ ತಪ್ಪು ಹಿಂದಿನ ನಿಶ್ಶಬ್ದಕ್ಕೂ ಹರಡುತ್ತದೆ. ಒಳ್ಳೆಯ ಎನ್‌ಕೋಡರ್ ಅಂಥ ಜಾಗವನ್ನು ಗುರುತಿಸಿ ಚಿಕ್ಕ ತುಂಡುಗಳಿಗೆ ಇಳಿಯುತ್ತದೆ, ಕಳಪೆಯದು ಇಳಿಯುವುದಿಲ್ಲ. ಹೆಡ್‌ಫೋನಿನಲ್ಲಿ ಕೇಳಿದರೆ ಪೆಟ್ಟಿಗೆ ಮೊದಲೇ 'ಸ್ಸ್' ಎಂಬ ಸಣ್ಣ ಉಸಿರು ಕೇಳಿಸುತ್ತದೆ, ಪೆಟ್ಟಿನ ಮೊನೆ ಮೊಂಡಾಗಿರುತ್ತದೆ. ಅದೇ ಫೈಲನ್ನು ಮರಳಿ 128ಕ್ಕೆ ಎನ್‌ಕೋಡ್ ಮಾಡಿ ಕೇಳಿಸಿದರೆ ತಾಳದ ಝೇಂಕಾರ ನೀರಿನಡಿಯಲ್ಲಿ ನುಡಿದಂತಾಗಿರುತ್ತದೆ. ತಂಬೂರಿಯ ಶ್ರುತಿಯಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತ ವಿದ್ವಾಂಸರನ್ನು ಕೊಟ್ಟ ರುದ್ರಪಟ್ಟಣ ಇರುವ ಜಿಲ್ಲೆ ನಮ್ಮದು. ಕಚೇರಿ ಕೇಳಿ ಬೆಳೆದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಬಿಟ್ ರೇಟ್ ಎಂದರೇನೆಂದು ಗೊತ್ತಿರುವುದಿಲ್ಲ, ಆದರೆ ಶ್ರುತಿ ಕದಡಿದೆ ಎಂದು ತಕ್ಷಣ ಹೇಳುತ್ತಾರೆ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಒಮ್ಮೆ ತಮ್ಮ ತಂದೆಯವರ ಅರ್ಥಗಾರಿಕೆಯ ಫೈಲುಗಳನ್ನು ತಂದಿದ್ದರು. ಕ್ಯಾಸೆಟ್‌ನಿಂದ 128ಕ್ಕೆ ಇಳಿಸಿದ್ದವುಗಳನ್ನು ಮನೆಯ ಹುಡುಗನೊಬ್ಬ ಪ್ರೀತಿಯಿಂದಲೇ 'ಅಪ್‌ಗ್ರೇಡ್' ಮಾಡಿ, ಜಾಗ ಸಾಲದೆಂದು ಹಳೆಯವನ್ನು ಅಳಿಸಿಬಿಟ್ಟಿದ್ದ. "ಸೈಜ್ ಜಾಸ್ತಿ ಆಗಿದೆ ಸಾರ್, ಆದ್ರೂ ಅಪ್ಪಯ್ಯನ ಮಾತು ಮೊದಲಿನ ಹಾಗೆ ಬಿಡಿಸಿ ಕೇಳ್ತಿಲ್ಲ" ಎಂಬುದು ಅವರ ದೂರು. ಅವರ ಕಿವಿ ಸರಿಯಾಗಿಯೇ ಇತ್ತು. ಕ್ಯಾಸೆಟ್ ಏನಾಯಿತು ಎಂದು ಕೇಳಿದಾಗ, ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬದಲ್ಲಿ ಇರಬೇಕು, ಮಳೆಗಾಲದಲ್ಲಿ ಬೂಷ್ಟು ಹಿಡಿದಿರಬಹುದು ಎಂದರು. ನಿಜಕ್ಕೂ ಹಿಡಿದಿತ್ತು. ಒಣಗಿಸಿ, ಒರೆಸಿ, ಕೆಲವಕ್ಕೆ ಹೊಸ ಹೊರಕವಚ ಹಾಕಿ ಮತ್ತೆ ಇಳಿಸಿದಾಗ ಬಹುಪಾಲು ಉಳಿಯಿತು. ಮಾತಿನ ನಡುವೆ ಅವರ ತಂದೆ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಹಿಂದಿನ ಫೈಲಿನಲ್ಲಿ ಅದು ಇರಲೇ ಇಲ್ಲ.

ಹಾಗಾದರೆ ಎನ್‌ಕೋಡರ್ ಅಪ್‌ಡೇಟ್ ಮಾಡುವುದೇ ಬೇಡವೇ ಎಂದರೆ, ಖಂಡಿತ ಮಾಡಬೇಕು. ಆದರೆ ಅದರಿಂದ ಏನು ಸಿಗುತ್ತದೆ ಎಂಬುದು ತಿಳಿದಿರಲಿ. ಎಂಪಿ3 ಮಾನಕವು ಫೈಲನ್ನು ಹೇಗೆ ಬಿಚ್ಚಬೇಕು ಎಂಬುದನ್ನು ಖಚಿತವಾಗಿ ಹೇಳುತ್ತದೆ, ಏನನ್ನು ಬಿಡಬೇಕೆಂಬ ತೀರ್ಮಾನವನ್ನು ಬಹುಮಟ್ಟಿಗೆ ಎನ್‌ಕೋಡರ್ ಬರೆಯುವವರಿಗೇ ಬಿಟ್ಟಿದೆ. ಆದ್ದರಿಂದಲೇ ಒಂದೇ 128ರಲ್ಲಿ ಎರಡು ಎನ್‌ಕೋಡರುಗಳು ಬೇರೆ ಬೇರೆಯಾಗಿ ಕೇಳಿಸುತ್ತವೆ. 1998ರಲ್ಲಿ ಆರಂಭವಾದ ಲೇಮ್ ಎಂಬ ಮುಕ್ತ ಎನ್‌ಕೋಡರ್ ವರ್ಷಾನುಗಟ್ಟಲೆ ಈ ತೀರ್ಮಾನಗಳನ್ನು ತಿದ್ದುತ್ತ ಬಂದಿತು, ಅದರ 3.100 ಆವೃತ್ತಿ ಹೊರಬಂದದ್ದು 2017ರಲ್ಲಿ. ಎಂಪಿ3ಯ ಪೇಟೆಂಟ್ ಪರವಾನಗಿ ವ್ಯವಸ್ಥೆ ಮುಗಿದದ್ದೂ ಅದೇ ವರ್ಷ. ಈ ಸುಧಾರಣೆಯೆಲ್ಲ ಮೂಲ ಧ್ವನಿಯಿಂದ ಇನ್ನು ಮುಂದೆ ನೀವು ಮಾಡುವ ಫೈಲುಗಳಿಗೆ ಸಿಗುತ್ತದೆ. ಹಿಂದೆ ಮಾಡಿಟ್ಟವುಗಳಿಗೆ ಅದರಿಂದ ಏನೂ ಆಗದು.

ಫ್ಲ್ಯಾಕ್ ಎಂಬ ಇನ್ನೊಂದು ಬಗೆಯ ಧ್ವನಿ ಫೈಲಿನ ವಿಷಯ ಬೇರೆ. ಅದು ಏನನ್ನೂ ಬಿಡದೆ ಮಡಚಿಡುತ್ತದೆ, ಬಿಚ್ಚಿದಾಗ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಮೂಲವೇ ಬರುತ್ತದೆ. ಅದನ್ನು ಪರೀಕ್ಷಿಸಲು ಮೂಲ ಧ್ವನಿಯ ಗುರುತನ್ನು ಸಾಮಾನ್ಯವಾಗಿ ಫೈಲಿನೊಳಗೇ ಬರೆದಿಟ್ಟುಕೊಂಡಿರುತ್ತದೆ. 2025ರ ಆರಂಭದಲ್ಲಿ ಬಂದ 1.5.0 ಆವೃತ್ತಿ ಪ್ರೊಸೆಸರಿನ ಹಲವು ಕೋರ್‌ಗಳನ್ನು ಒಟ್ಟಿಗೆ ದುಡಿಸಿ ಕೆಲಸ ಬೇಗ ಮುಗಿಸಬಲ್ಲದು, ಆದರೆ ಹತ್ತು ವರ್ಷದ ಹಿಂದಿನ ಫ್ಲ್ಯಾಕ್ ಫೈಲಿನ ಧ್ವನಿಗೂ ಇಂದಿನದರ ಧ್ವನಿಗೂ ಭೇದವಿಲ್ಲ. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಹೊಸ ಹಾನಿಯಂತೂ ಆಗುವುದಿಲ್ಲ, ಆದರೆ ಹಳೆಯ ಹಾನಿಯನ್ನೇ ದೊಡ್ಡ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದಂತಾಗುತ್ತದೆ.

ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೂಲದಿಂದ ಒಮ್ಮೆ ಫ್ಲ್ಯಾಕ್ ಮಾಡಿಟ್ಟುಕೊಳ್ಳಿ. ಒಂದು ಗಂಟೆಯ ಸ್ಟೀರಿಯೋ ಧ್ವನಿ ಕುಗ್ಗಿಸದೆ ಇಟ್ಟರೆ ಸುಮಾರು 635 ಎಂ.ಬಿ. ಆಗುತ್ತದೆ, ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧದಿಂದ ಮೂರರಲ್ಲೆರಡು ಪಾಲು, ಕ್ಯಾಸೆಟ್‌ನ ಸುಯ್ಯೆನ್ನುವ ಸದ್ದು ಜಾಸ್ತಿಯಿದ್ದರೆ ಇನ್ನಷ್ಟು. ಕಾರಿನ ಪೆನ್‌ಡ್ರೈವಿಗೆ ಬೇಕಾದಾಗ ಅದರಿಂದ ಲೇಮ್‌ನ ವಿ2 ಮಟ್ಟದಲ್ಲಿ, ಎಂದರೆ ಸರಾಸರಿ 190ರ ಸುಮಾರಿನಲ್ಲಿ, ಎಂಪಿ3 ಮಾಡಿಕೊಳ್ಳಿ. ಸೂಕ್ಷ್ಮ ಕಿವಿಯವರು 245ರ ಸುಮಾರಿನ ವಿ0 ಇಟ್ಟುಕೊಳ್ಳಬಹುದು. ಫೋನಿಗೆ ಮಾತ್ರವಾದರೆ ಓಪಸ್ ಎಂಬ ರೂಪ ಇನ್ನೂ ಚಿಕ್ಕ ಜಾಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹಳೆಯ ಕಾರ್ ಸ್ಟೀರಿಯೋಗಳು ಅದನ್ನು ಗುರುತಿಸುವುದು ಅಪರೂಪ.

ಸಾಫ್ಟ್‌ವೇರನ್ನು ಅದರ ಸ್ವಂತ ತಾಣದಿಂದಲೇ ಪಡೆಯಿರಿ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರಿಗೆ ಲೇಮ್ ಫೈಲನ್ನು ಬೇರೆಯಾಗಿ ಹುಡುಕಿ ಸೇರಿಸಬೇಕೆಂದು ಹಳೆಯ ವಿಡಿಯೋಗಳು ಇನ್ನೂ ಹೇಳುತ್ತಿರುತ್ತವೆ, ಜನ ಅದನ್ನು ನಂಬಿ ಎಲ್ಲೆಲ್ಲಿಂದಲೋ ಏನೇನನ್ನೋ ಇಳಿಸಿಕೊಂಡು ಕಂಪ್ಯೂಟರನ್ನೇ ಕೆಡಿಸಿಕೊಂಡು ಬರುತ್ತಾರೆ. 2019ರ 2.3.2 ಆವೃತ್ತಿಯಿಂದ ಲೇಮ್ ಅದರೊಳಗೇ ಇದೆ. ರಾಶಿ ಫೈಲುಗಳಿದ್ದರೆ ಫ್ರೀಯಾಕ್ ಎಂಬ ಕನ್ವರ್ಟರ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಲೇಮ್ ಮತ್ತು ಫ್ಲ್ಯಾಕ್ ಎರಡೂ ಇವೆ. 'ಎಚ್.ಡಿ. ಗುಣಮಟ್ಟಕ್ಕೆ ಏರಿಸುತ್ತೇವೆ' ಎಂದು ಹಣ ಕೇಳುವವರಿಂದ ದೂರವಿರಿ. ಇಲ್ಲದ ಧ್ವನಿಯನ್ನು ಊಹಿಸಿ ತುಂಬುವ ಉಪಕರಣಗಳು ಈಗ ಇವೆ, ಕೆಲವೊಮ್ಮೆ ಕೇಳಲು ಹಿತವಾಗಿಯೂ ಇರುತ್ತವೆ. ಆದರೆ ಅವು ತುಂಬಿದ್ದು ಊಹೆಯೇ ಹೊರತು ನಿಮ್ಮ ತಂದೆಯವರ ದನಿಯಲ್ಲ.

ನಿಮ್ಮಲ್ಲಿರುವ ಫೈಲು ಹೇಗೆ ಆದದ್ದೆಂದು ನೋಡಲು ಮೀಡಿಯಾಇನ್ಫೋ ಎಂಬ, ಫೈಲಿನ ವಿವರ ತೋರಿಸುವ ಸಾಫ್ಟ್‌ವೇರಿನಲ್ಲಿ ತೆರೆದರೆ, ಎನ್‌ಕೋಡರಿನ ಹೆಸರು ಮತ್ತು ಆವೃತ್ತಿ ಬಹಳ ಸಲ ಕಾಣಿಸುತ್ತದೆ. ಅದು ಕೊನೆಯ ಸುತ್ತಿನದು ಮಾತ್ರ, ಹಿಂದಿನ ಸುತ್ತುಗಳ ಬಗ್ಗೆ ಏನೂ ಹೇಳದು. ಸ್ಪೆಕ್‌ನಂಥ ಸಾಧನದಲ್ಲಿ ಕಂಪನಗಳ ಚಿತ್ರ ನೋಡಿದಾಗ 320 ಎಂದು ಬರೆದುಕೊಂಡಿರುವ ಫೈಲು 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕತ್ತರಿಸಿದಂತೆ ನಿಂತಿದ್ದರೆ ಅನುಮಾನ ಪಡಬೇಕು, ತೀರ್ಪು ಕೊಡಬಾರದು. ಕ್ಯಾಸೆಟ್‌ನಲ್ಲಿ ಮೇಲಿನ ಕಂಪನಗಳು ಮೊದಲೇ ಕಡಿಮೆ. ಅನುಮಾನ ನಿವಾರಣೆಗೆ ಮೂಲದೊಡನೆ ಹೋಲಿಸುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೂಲವೇ ಇಲ್ಲದೆ ಎಂಪಿ3 ಒಂದೇ ಉಳಿದಿದ್ದರೆ ಅದೇ ಈಗ ನಿಮ್ಮ ಮೂಲ. ಅದನ್ನು ಇದ್ದಂತೆಯೇ ಎರಡು ಕಡೆ ನಕಲು ಮಾಡಿಡಿ. ಯಾವುದೋ ಯಂತ್ರಕ್ಕಾಗಿ ಬೇರೆ ರೂಪ ಬೇಕೇ ಬೇಕೆಂದಾದರೆ ಪ್ರತ್ಯೇಕ ಪ್ರತಿ ಮಾಡಿಕೊಳ್ಳಿ, ಮೊದಲಿನದನ್ನು ಅಳಿಸಬೇಡಿ. ಹಾಡನ್ನು ಕತ್ತರಿಸುವುದಷ್ಟೇ ಆಗಬೇಕಿದ್ದರೆ, ಮತ್ತೆ ಎನ್‌ಕೋಡ್ ಮಾಡದೆ ಎಂಪಿ3ಯನ್ನು ನೇರವಾಗಿ ತುಂಡರಿಸುವ ಸಾಧನಗಳಿವೆ, ಅವನ್ನೇ ಬಳಸಿ. ನನ್ನ ಬಳಿಗೆ ಡಿಸ್ಕ್ ತರುವವರು ಅಟ್ಟವನ್ನೊಮ್ಮೆ ಹುಡುಕಿ, ಕ್ಯಾಸೆಟ್ ಸಿಕ್ಕಿದರೆ ಅದನ್ನೂ ತನ್ನಿ. ಬಿಳಿಯ ಬೂಷ್ಟು ಕಂಡರೆ ಕೆಲಸ ಮಾಡುತ್ತದೆಯೇ ನೋಡೋಣವೆಂದು ಪ್ಲೇಯರಿಗೆ ಹಾಕಬೇಡಿ, ಟೇಪು ಅಂಟಿಕೊಂಡು ಹರಿಯುತ್ತದೆ.