ಪ್ಲಾಸ್ಟರಿಂಗ್ ಲೆಕ್ಕದಲ್ಲಿ ‘ಡ್ರೈ ವಾಲ್ಯೂಮ್’ ಅಂದರೇನು?

ಕಂಟ್ರಾಕ್ಟರ್ ಕೊಟ್ಟ ಎಸ್ಟಿಮೇಟ್ ಓದುತ್ತಾ ಹೋದರೆ ಒಂದು ಕಡೆ 1.33 ಅನ್ನುವ ಅಂಕಿ ಸಿಗುತ್ತದೆ. ಗೋಡೆಯ ಉದ್ದ, ಎತ್ತರ, ದಪ್ಪ ಎಲ್ಲ ಅರ್ಥವಾಗುತ್ತದೆ. ಆಮೇಲೆ ಬಂದ ಮೊತ್ತವನ್ನು 1.33ರಿಂದ ಯಾಕೆ ಗುಣಿಸಿದ್ದಾರೆ? ಮೂರನೇ ಒಂದು ಪಾಲು ಸಾಮಾನು ಸುಮ್ನೆ ಜಾಸ್ತಿ ಬರೆದಿದ್ದಾರೆ ಅಂತ ಅನುಮಾನ ಬರುವುದು ಸಹಜ. ಆದರೆ ಇದು ಮೋಸ ಅಲ್ಲ, ಇದೇ ಡ್ರೈ ವಾಲ್ಯೂಮ್ ಲೆಕ್ಕ.

ನೀರು ಬೆರೆಸುವ ಮುಂಚೆ ಸಿಮೆಂಟು ಮತ್ತು ಮರಳು ಬೇರೆ ಬೇರೆಯಾಗಿ ಹಿಡಿಯುವ ಜಾಗವೇ ಡ್ರೈ ವಾಲ್ಯೂಮ್. ಕಲಸಿ ಗೋಡೆಗೆ ಮೆತ್ತಿದ ಗಾರೆ ಹಿಡಿಯುವ ಜಾಗ ವೆಟ್ ವಾಲ್ಯೂಮ್. ಒಂದು ಡಬ್ಬದ ತುಂಬ ಗೋಲಿ ಹಾಕಿ, ಮೇಲಿಂದ ನುಣ್ಣನೆ ಮರಳು ಸುರಿದು ನೋಡಿ. ಮರಳು ಗೋಲಿಗಳ ಸಂದಿಗೆ ಇಳಿದುಹೋಗುತ್ತದೆ, ಡಬ್ಬ ಉಕ್ಕುವುದಿಲ್ಲ. ಮರಳಿನ ಕಾಳುಗಳ ಸಂದಿಗೆ ಸಿಮೆಂಟು ಇಳಿಯುವುದೂ ಹೀಗೇ. ಕಲಸಿದ ಮೇಲೆ ಗಾತ್ರ ತಗ್ಗುತ್ತದೆ. ಅದಕ್ಕೇ ಬೇಕಾದ ಗಾರೆಗಿಂತ ಜಾಸ್ತಿ ಒಣ ಸಾಮಾನು ತರಿಸಬೇಕು. ಸಾಮಾನ್ಯವಾಗಿ 1.27ರಿಂದ 1.35ರ ತನಕ ಹಿಡಿಯುತ್ತಾರೆ, 1.33 ರೂಢಿಯಲ್ಲಿದೆ.

ಈಗ 100 ಚದರ ಅಡಿ ಗೋಡೆ ತಗೊಳ್ಳೋಣ. ಒಳಗೋಡೆಗೆ 12 ಮಿಲಿಮೀಟರ್ ದಪ್ಪ, 1:6 ಗಾರೆ, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಗಾರೆ 3.94 ಘನ ಅಡಿ ಬೇಕು. 1.33ರಿಂದ ಗುಣಿಸಿದರೆ ಒಣ ಸಾಮಾನು 5.24 ಘನ ಅಡಿ. ಇದನ್ನು ಏಳು ಪಾಲು ಮಾಡಿ: ಒಂದು ಪಾಲು, 0.75 ಘನ ಅಡಿ, ಸಿಮೆಂಟು. ಉಳಿದ ಸುಮಾರು 4.5 ಘನ ಅಡಿ ಮರಳು. 50 ಕೆಜಿಯ ಒಂದು ಚೀಲದಲ್ಲಿ ಸುಮಾರು 1.23 ಘನ ಅಡಿ ಸಿಮೆಂಟು ಇರುತ್ತದೆ. ಹಾಗಾಗಿ 0.6 ಚೀಲ. ಇಟ್ಟಿಗೆ ಸಂದು ತುಂಬಲು, ಗೋಡೆಯ ಉಬ್ಬುತಗ್ಗು ಸರಿಮಾಡಲು, ಕೆಳಗೆ ಬೀಳುವುದಕ್ಕೆ ಅಂತ ಇನ್ನೊಂದು 20 ಶೇಕಡಾ ಸೇರಿಸುವುದುಂಟು. ಆಗ ಮುಕ್ಕಾಲು ಚೀಲದ ಹತ್ತಿರ ಬರುತ್ತದೆ.

ಲೆಕ್ಕ ಇಷ್ಟೇ. ಆದರೆ ನನ್ನ ಪ್ರಕಾರ ಹಣ ಜಾರಿಹೋಗುವುದು 1.33ರಲ್ಲಿ ಅಲ್ಲ, ದಪ್ಪದಲ್ಲಿ. ಕೂಲಿ ಚದರ ಅಡಿ ಮೇಲೆ ನಿಲ್ಲುತ್ತದೆ, ಸಾಮಾನು ಘನ ಅಡಿ ಮೇಲೆ ನಿಲ್ಲುತ್ತದೆ. ದಪ್ಪ ಬರೆಯದೆ ಬರೀ ಚದರ ಅಡಿ ರೇಟು ಹೇಳಿದರೆ ಅರ್ಧ ಲೆಕ್ಕ ಮಾತ್ರ ಹೇಳಿದ ಹಾಗೆ, ಅಲ್ವಾ?

ಕಂಟ್ರಾಕ್ಟರ್ ಜೊತೆ ಮಾತಾಡುವ ಮುಂಚೆ ಗೋಡೆಗೆ ತೂಗುಗುಂಡು ಬಿಟ್ಟು ನೋಡಿ. ದಾರ ಗೋಡೆಗೆ ತಾಗದ ಹಾಗೆ ತುಸು ದೂರದಲ್ಲಿ ನೇತಾಡಲಿ. ಗುಂಡು ಅಲುಗಾಡುವುದು ನಿಲ್ಲುವ ತನಕ ಕಾಯಿರಿ. ಆಮೇಲೆ ಸ್ಕೇಲು ಹಿಡಿದು ದಾರಕ್ಕೂ ಗೋಡೆಗೂ ಇರುವ ಅಂತರ ಅಳೆಯಿರಿ. ಮೇಲೆ 20 ಮಿಮೀ, ಕೆಳಗೆ 35 ಮಿಮೀ ಬಂತು ಅಂದುಕೊಳ್ಳಿ. ಗೋಡೆ 15 ಮಿಮೀ ವಾಲಿದೆ. ಮೇಲೆ 12 ಮಿಮೀ ಮೆತ್ತಿದರೆ ಕೆಳಗೆ 27 ಮಿಮೀ ಮೆತ್ತಲೇಬೇಕು, ಇಲ್ಲದಿದ್ದರೆ ಗೋಡೆ ನೇರ ಬರುವುದಿಲ್ಲ. ಸರಾಸರಿ ಸುಮಾರು 20 ಮಿಮೀ ಆಯಿತು. ಅದೇ 100 ಚದರ ಅಡಿಗೆ ಈಗ 20 ಶೇಕಡಾ ಸೇರಿಸದೆಯೇ ಒಂದು ಪೂರ್ತಿ ಚೀಲ ಸಿಮೆಂಟು ಬೇಕು. ಅಷ್ಟು ದಪ್ಪ ಒಂದೇ ಸಲ ಮೆತ್ತಿದರೆ ಜೋತುಬೀಳುತ್ತದೆ, ಬಿರುಕು ಬಿಡುತ್ತದೆ. ಎರಡು ಕೋಟ್ ಬೇಕು, ಕೂಲಿಯೂ ಏರುತ್ತದೆ. ಇದು ಕೆಲಸ ಶುರುವಾದ ಮೇಲೆ ಗೊತ್ತಾದರೆ ಜಗಳ, ಮುಂಚೆಯೇ ಗೊತ್ತಾದರೆ ಬರೀ ಒಂದು ಅಂಕಿ.

ಹೊರಗೋಡೆಗೆ ಹೇಗಿದ್ದರೂ ಸುಮಾರು 20 ಮಿಮೀ, ಎರಡು ಕೋಟ್ ಹಿಡಿಯುತ್ತಾರೆ. ಛಾವಣಿಯ ಅಡಿಭಾಗಕ್ಕೆ 6 ಮಿಮೀ ಸಾಕು, ಆದರೆ ಗಾರೆ ಸಿಮೆಂಟು ಜಾಸ್ತಿ ಇರುವ 1:3 ಅಥವಾ 1:4.

ಬಾಗಿಲು ಕಿಟಕಿಯ ಜಾಗ ಕಳೆಯುವುದಕ್ಕೆ ‘ಡಿಡಕ್ಷನ್’ ಅನ್ನುತ್ತಾರೆ. ಚಿಕ್ಕ ಕಿಂಡಿಗಳನ್ನು ಕಳೆಯುವುದಿಲ್ಲ. ಮಧ್ಯಮ ಗಾತ್ರದ ಕಿಟಕಿಗೆ ಗೋಡೆಯ ಒಳಗೂ ಹೊರಗೂ ಅಲ್ಲ, ಒಂದು ಮುಖ ಮಾತ್ರ ಕಳೆಯುವ ರೂಢಿ ಇದೆ, ಯಾಕಂದರೆ ಕಿಟಕಿಯ ಒಳಬದಿಗಳಿಗೂ ಗಾರೆ ಮೆತ್ತಬೇಕು. ಯಾವ ಪದ್ಧತಿ ಅನ್ನುವುದು ಬರಹದಲ್ಲಿರಲಿ. ಸಾರುವೆ, ನೀರು, ಕ್ಯೂರಿಂಗ್ (ಮೆತ್ತಿದ ಗಾರೆಯನ್ನು ಕೆಲವು ದಿನ ಒದ್ದೆಯಾಗಿಡುವುದು), ಇಟ್ಟಿಗೆ ಕಾಂಕ್ರೀಟ್ ಸೇರುವಲ್ಲಿ ಹಾಕುವ ಜಾಲರಿ ಯಾರ ಲೆಕ್ಕ ಅನ್ನುವುದೂ ಬರಲಿ.

ಮರಳು ತರಿಸುವಾಗ ಇನ್ನೊಂದು ವಿಷಯ ಇದೆ. ತುಸು ಒದ್ದೆಯಾದ ಮರಳು ಉಬ್ಬಿಕೊಂಡಿರುತ್ತದೆ. ನೇರ ಗೋಡೆಯ ಗಾಜಿನ ಜಾಡಿಯಲ್ಲಿ 20 ಸೆಂಟಿಮೀಟರ್ ಎತ್ತರಕ್ಕೆ ಮರಳು ಸಡಿಲವಾಗಿ ತುಂಬಿ. ಮುಳುಗುವಷ್ಟು ನೀರು ಹಾಕಿ ಕಲಕಿ, ಕೆಳಗೆ ಕೂರಲು ಬಿಡಿ. ಮರಳು 16 ಸೆಂಟಿಮೀಟರಿಗೆ ಇಳಿದರೆ ಉಬ್ಬು 25 ಶೇಕಡಾ. ಆಗ ಲೆಕ್ಕದಲ್ಲಿ 100 ಘನ ಅಡಿ ಬಂದಿದ್ದರೆ, ಗಾಡಿಯಲ್ಲಿ 125 ಘನ ಅಡಿ ಬರಬೇಕು.