ಹಾರ್ಡ್‌ವುಡ್ ಎಂದರೆ ಗಟ್ಟಿ ಮರವಲ್ಲ: ಓಬೇಚೆ ನೋಡಿ

‘ಅಪ್ಪಟ ಹಾರ್ಡ್‌ವುಡ್, ತಲೆಮಾರುಗಟ್ಟಲೆ ಬಾಳುತ್ತದೆ’ ಎಂಬ ಜಾಹೀರಾತುಗಳಿಗೆ ಕೊನೆಯೇ ಇಲ್ಲ. ಹಾರ್ಡ್‌ವುಡ್ ಎಂಬುದು ಸಸ್ಯಶಾಸ್ತ್ರದ ವಿಂಗಡಣೆ, ಬಾಳಿಕೆಯ ಖಾತರಿಯಲ್ಲ. ಹೂಬಿಡುವ ದ್ವಿದಳ ಮರಗಳ ಮೋಪು ಹಾರ್ಡ್‌ವುಡ್. ಪೈನ್, ದೇವದಾರುಗಳಂಥ ಶಂಕುಧಾರಿಗಳದ್ದು ಸಾಫ್ಟ್‌ವುಡ್. ತೇಗದಂತೆ ಬೂರುಗವೂ ಹಾರ್ಡ್‌ವುಡ್ಡೇ, ಉಗುರೊತ್ತಿದರೆ ಕುಳಿಬೀಳುವ ಬಾಲ್ಸಾವೂ ಹಾರ್ಡ್‌ವುಡ್ಡೇ. ಇತ್ತ ಸಾಫ್ಟ್‌ವುಡ್ ಎನಿಸಿಕೊಂಡ ಯೂ ಮರದ ತೂಕ ಹೆಚ್ಚುಕಡಿಮೆ ತೇಗದಷ್ಟೇ.

ಪಶ್ಚಿಮ ಆಫ್ರಿಕದ ಓಬೇಚೆ ಮರದ ವಿಷಯದಲ್ಲಂತೂ ವೈಜ್ಞಾನಿಕ ಹೆಸರೇ ಉರಿಯುವ ಬೆಂಕಿಗೆ ತುಪ್ಪ ಸುರಿದಿದೆ: ಟ್ರಿಪ್ಲೊಕೈಟನ್ ಸ್ಕ್ಲೆರೊಜೈಲಾನ್. ಗ್ರೀಕಿನ ಸ್ಕ್ಲೆರೋಸ್ ಎಂದರೆ ಗಟ್ಟಿ, ಜೈಲಾನ್ ಎಂದರೆ ಮರ. ಆದರೆ ಒಣಗಿದ ಓಬೇಚೆ ಘನಮೀಟರಿಗೆ ಸುಮಾರು 380 ಕಿಲೋ, ತೇಗ ಸುಮಾರು 650. ವ್ಯಾಪಾರದ ಹೆಸರುಗಳೂ ಒಂದಲ್ಲ: ನೈಜೀರಿಯಾದಲ್ಲಿ ಓಬೇಚೆ, ಘಾನಾದಲ್ಲಿ ವಾವಾ, ಕ್ಯಾಮರೂನಿನಲ್ಲಿ ಅಯೂಸ್, ಐವರಿ ಕೋಸ್ಟಿನಲ್ಲಿ ಸಾಂಬಾ. ಬಿಲ್ಲಿನಲ್ಲಿ ಹೆಸರು ಬದಲಾದರೆ ಮರ ಬದಲಾಗಿಲ್ಲ.

ಬಣ್ಣ ಕೆನೆಬಿಳಿ, ಚೇಗಿಗೂ ಹೊರಭಾಗಕ್ಕೂ ವ್ಯತ್ಯಾಸ ಕಾಣದು. ಬೇಗ ಒಣಗುತ್ತದೆ, ಹೆಚ್ಚು ಸೊಟ್ಟಗಾಗುವುದಿಲ್ಲ. ರಾಳವಿಲ್ಲ, ಶಾಖ ನಿಧಾನವಾಗಿ ಹರಿಯುತ್ತದೆ. ಆದ್ದರಿಂದಲೇ ಸೌನಾ (ಬಿಸಿಗಾಳಿಯಲ್ಲಿ ಬೆವರಲು ಕೂರುವ) ಕೋಣೆಯ ಬೆಂಚಿಗೆ ಇದು ಮೊದಲ ಆಯ್ಕೆ, ಬಿಸಿಯಲ್ಲೂ ಕೂತವರ ಚರ್ಮ ಸುಡದು. ಫೋಟೋ ಚೌಕಟ್ಟು, ವೆನಿಯರ್, ಪ್ಲೈವುಡ್ಡಿನ ಒಳಪದರ, ಮಾದರಿ ವಿಮಾನಗಳಿಗೂ ಹೋಗುತ್ತದೆ.

ಕೆಡುವುದೆಲ್ಲಿ? ಮೊದಲು ಕಾಡಿನಲ್ಲೇ. ಕಡಿದ ದಿಮ್ಮಿಯನ್ನು ತಡಮಾಡದೆ ಸೀಳಿ ಒಣಗಿಸದಿದ್ದರೆ ಶಿಲೀಂಧ್ರ ಹತ್ತಿ ನೀಲಿ ಕಲೆ ಬೀಳುತ್ತದೆ. ಅದರಿಂದ ಬಲ ಅಷ್ಟೇನೂ ಕುಂದದು, ಆದರೆ ಬಿಳುಪು ನೋಡಿ ಕೊಳ್ಳುವ ಮರಕ್ಕೆ ಬಿಳುಪೇ ಹೋದರೆ ಬೆಲೆಯೂ ಹೋಯಿತು. ಗೆದ್ದಲು, ಕೊಳೆತ ಎರಡನ್ನೂ ತಡೆಯದು. ಹದಗೊಳಿಸದೆ ಮಳೆಗೆ ಒಡ್ಡಬೇಡಿ. ಹೊರಗೋಡೆಯ ಹೊದಿಕೆಗೆ ಬೇಕಿದ್ದರೆ 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಶಾಖ ಕೊಟ್ಟು ಹದಗೊಳಿಸಿದ್ದನ್ನೇ ಕೇಳಿ. ಅದರ ಬಣ್ಣ ಕಂದು, ತುಸು ಪೆಡಸೂ ಹೌದು.

ಕೆಲಸ ಸುಲಭ, ಆದರೆ ಉಳಿ ಮೊಂಡಾಗಿದ್ದರೆ ತುದಿಯ ಎಳೆಗಳು ಕತ್ತರಿಸುವ ಬದಲು ಪುಡಿಯಾಗಿ ಕಿತ್ತುಬರುತ್ತವೆ. ಮೊಳೆಯನ್ನು ಬಿಗಿಯಾಗಿ ಹಿಡಿಯದು. ಕೀಲುಗಳಿಗೆ ಅಂಟನ್ನೇ ನಂಬಿ, ಅಂಟು ಚೆನ್ನಾಗಿ ಕೂರುತ್ತದೆ. ರಂಧ್ರಗಳು ದೊಡ್ಡವು, ಫಿಲ್ಲರ್ ತುಂಬದೆ ವಾರ್ನಿಷ್ ಹೊಡೆದರೆ ಮೈ ತರಿತರಿಯಾಗಿಯೇ ಉಳಿಯುತ್ತದೆ. ಉಜ್ಜುವಾಗ ಮಾಸ್ಕ್ ಬೇಕೇಬೇಕು: ಮೆದು ಮರದ ಧೂಳೂ ಮೆದು ಎಂದುಕೊಂಡವರಿಗೆ ಓಬೇಚೆ ಧೂಳು ಅಸ್ತಮಾ ತರಿಸಬಲ್ಲದು.