ಮುಟ್ಟು, ನಾಡಿ ಮತ್ತು ಮೇರಿ ಜಾಕೋಬಿ

1873ರಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ಅಮೆರಿಕದ ವೈದ್ಯರು ಒಂದು ಪುಸ್ತಕ ಬರೆದರು. ಹುಡುಗಿಯರು ಹುಡುಗರಷ್ಟೇ ಓದಿದರೆ ದೇಹದ ಶಕ್ತಿಯೆಲ್ಲ ಮಿದುಳಿಗೇ ಹೋಗಿ ಗರ್ಭಕೋಶ ಸೊರಗುತ್ತದೆ, ಮುಟ್ಟಿನ ದಿನಗಳಲ್ಲಂತೂ ಬಿಡುವು ಬೇಕೇ ಬೇಕು ಅನ್ನುವುದು ಅವರ ವಾದ. ಆಧಾರವಾಗಿ ಕೊಟ್ಟಿದ್ದು ಬೆರಳೆಣಿಕೆಯ ರೋಗಿಗಳ ಕಥೆಗಳನ್ನು.

ಇದಕ್ಕೆ ಉತ್ತರ ಕೊಟ್ಟವರು ನ್ಯೂಯಾರ್ಕ್‌ನ ವೈದ್ಯೆ ಮೇರಿ ಪಟ್ನಮ್ ಜಾಕೋಬಿ. 1842ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. 1864ರಲ್ಲೇ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದಿದ್ದರು. ಅಷ್ಟು ಕಲಿತದ್ದು ಸಾಲದು ಅನ್ನಿಸಿ ಪ್ಯಾರಿಸ್ಸಿಗೆ ಹೋದರು. ಅಲ್ಲಿನ ವೈದ್ಯಕೀಯ ಶಾಲೆಗೆ ಪ್ರವೇಶ ಪಡೆದ ಮೊದಲ ಮಹಿಳೆ ಅವರೇ. 1871ರಲ್ಲಿ ಅಲ್ಲೂ ಪದವಿ ಮುಗಿಸಿದರು.

ಮುಟ್ಟಿನಲ್ಲಿ ವಿಶ್ರಾಂತಿ ಬೇಕೇ ಎಂಬ ವಿಷಯಕ್ಕೆ ಹಾರ್ವರ್ಡ್ ಪ್ರಬಂಧ ಸ್ಪರ್ಧೆ ಇಟ್ಟಿತು. ಮೇರಿ ಸುಮ್ನೆ ವಾದ ಮಾಡುತ್ತ ಕೂರಲಿಲ್ಲ. ಹೆಂಗಸರನ್ನೇ ಕೇಳಿದರು! ಸಾವಿರ ಪ್ರಶ್ನಾವಳಿ ಹಂಚಿದರು. 268 ಉತ್ತರ ಬಂದವು. ನೋವು ಬರುತ್ತದೆಯೇ, ಎಷ್ಟು ದೂರ ನಡೆಯಬಲ್ಲಿರಿ, ಆರೋಗ್ಯ ಹೇಗಿದೆ ಎಂದೆಲ್ಲ ವಿಚಾರಿಸಿದ್ದರು. ಜೊತೆಗೆ ಕೆಲವರ ದೇಹದ ಉಷ್ಣತೆ, ಸ್ನಾಯುಗಳ ಬಲ, ಮೂತ್ರದಲ್ಲಿನ ಯೂರಿಯಾ ಎಲ್ಲವನ್ನೂ ಅಳೆದರು. ನಾಡಿಗೆ ಸ್ಫಿಗ್ಮೋಗ್ರಾಫ್ ಬಳಸಿದರು. ಮಣಿಕಟ್ಟಿಗೆ ಕಟ್ಟುವ ಈ ಸಾಧನದ ಕಡ್ಡಿ ಪ್ರತಿ ಮಿಡಿತವನ್ನೂ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಆ ಗೆರೆಗಳಲ್ಲಿ ನಾಡಿಯ ಬಿಗಿ ಮುಟ್ಟಿಗೆ ಮುಂಚೆ ಏರಿ, ಆಮೇಲೆ ಇಳಿಯುವುದು ಕಂಡಿತು. ಅಂದರೆ ಮುಟ್ಟು ಹಠಾತ್ತನೆ ಎರಗುವ ಕಾಯಿಲೆಯಲ್ಲ, ತಿಂಗಳುದ್ದಕ್ಕೂ ಸಾಗುವ ಲಯದ ಒಂದು ಭಾಗ.

ನೋವು ಸುಳ್ಳು ಎಂದು ಅವರು ಹೇಳಲಿಲ್ಲ. ಎಷ್ಟೋ ಜನ ನೋವಿದೆ ಎಂದೇ ಬರೆದಿದ್ದರು. ಆದರೆ ದೇಹಕ್ಕೆ ಪೋಷಣೆ ಸರಿಯಾಗಿದ್ದರೆ ಮುಟ್ಟೊಂದೇ ವಿಶ್ರಾಂತಿಗೆ ಕಾರಣವಾಗದು ಎಂಬುದು ಅವರ ತೀರ್ಮಾನ. ಉತ್ತರಿಸಿದ 268 ಮಂದಿ ಎಲ್ಲ ಹೆಂಗಸರ ಪ್ರತಿನಿಧಿಗಳಲ್ಲ, ನಿಜ. ಆದರೂ ಆ ಕಾಲಕ್ಕೆ ಇದು ಬಹಳ ದೊಡ್ಡ ಹೆಜ್ಜೆ. ಹೆಂಗಸರ ದೇಹದ ಬಗ್ಗೆ ತೀರ್ಪು ಕೊಟ್ಟವರಲ್ಲಿ ಎಷ್ಟು ಮಂದಿ ಹೀಗೆ ಕೇಳಿ, ಅಳೆದು ನೋಡಿದ್ದರು?

ಸ್ಪರ್ಧೆಗೆ ಬಂದ ಪ್ರಬಂಧಗಳ ಮೇಲೆ ಹೆಸರು ಇರುತ್ತಿರಲಿಲ್ಲ. ಆ ಸ್ಪರ್ಧೆಯ 1876ರ ಬಹುಮಾನ, ಅಂದರೆ ಬಾಯ್ಲ್‌ಸ್ಟನ್ ಬಹುಮಾನ, ಮೇರಿಗೆ ಬಂತು. ಹಾರ್ವರ್ಡ್ ವೈದ್ಯ ಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು ಮಾತ್ರ 1945ರಲ್ಲಿ.

ಅವರ ಪತಿ ಅಬ್ರಹಾಂ ಜಾಕೋಬಿ ಹೆಸರಾಂತ ಮಕ್ಕಳ ವೈದ್ಯರು, ಗಂಟಲಮಾರಿ (ಡಿಫ್ತೀರಿಯಾ) ರೋಗವನ್ನು ಆಳವಾಗಿ ಬಲ್ಲವರು. ಆದರೂ 1883ರಲ್ಲಿ ಅದೇ ರೋಗ ಅವರ ಪುಟ್ಟ ಮಗನನ್ನು ಒಯ್ದಿತು. ಮೇರಿ ಕೆಲಸ ಬಿಡಲಿಲ್ಲ. ಮುಂದೆ ತಮ್ಮ ಕಿರುಮಿದುಳನ್ನೇ ಒತ್ತುವ ಗಡ್ಡೆ ಬೆಳೆದಾಗ, ಅದರ ಆರಂಭದ ಲಕ್ಷಣಗಳನ್ನೂ ರೋಗಿಯೊಬ್ಬರ ವರದಿಯಂತೆ ತಾವೇ ಬರೆದಿಟ್ಟರು. 1906ರಲ್ಲಿ ಅವರ ಪ್ರಾಣ ತೆಗೆದದ್ದು ಆ ಗಡ್ಡೆಯೇ.